6.5 ಸಿಸಿ ಕಂಟ್ರೋಲ್ ಲೈನ್ ಇಂಜಿನ್‌ಗೆ ವೆಂಚುರಿ ಎಷ್ಟು ಎಂಎಂ ಹಾಕ್ಬೇಕು?

ಪ್ರಶ್ನೆ:
ಕಂಟ್ರೋಲ್ ಲೈನ್ (ತಂತಿ ಹಿಡ್ಕೊಂಡು ಸುತ್ತ ಹಾರಿಸೋ) ಮಾಡೆಲ್ ಸ್ಟಂಟ್ ಪ್ಲೇನ್‌ಗೆ 6.5 ಸಿಸಿ ಗ್ಲೋ ಇಂಜಿನ್ ಹಾಕಿದೀನಿ, ಅದ್ರಲ್ಲಿದ್ದ ಥ್ರಾಟಲ್ ಕಾರ್ಬ್ಯುರೇಟರ್ ಬಿಚ್ಚಿ 8 ಎಂಎಂ ವೆಂಚುರಿ (ಗಾಳಿ ಒಳಗೆ ಹೋಗೋ ಕಿರಿದಾದ ಕೊಳವೆ) ಕೂರಿಸಿದೀನಿ, ಮಧ್ಯೆ 4 ಎಂಎಂ ಸ್ಪ್ರೇಬಾರ್ (ಫ್ಯೂಯಲ್ ಬಿಡೋ ಅಡ್ಡ ಕೊಳವೆ). ಟ್ಯಾಂಕ್‌ಗೆ ಮಫ್ಲರ್ ಪ್ರೆಶರ್ (ಸೈಲೆನ್ಸರ್ ಹೊಗೆಯ ಒತ್ತಡ) ಕೊಟ್ಟಿಲ್ಲ, ಬರೀ ಸಕ್ಷನ್ (ಇಂಜಿನ್ನೇ ಫ್ಯೂಯಲ್ ಎಳ್ಕೊಳ್ಳೋದು). ನೆಲದ ಮೇಲೆ ಚೆನ್ನಾಗೇ ಓಡುತ್ತೆ, ಲೆವೆಲ್ ಫ್ಲೈಟಲ್ಲೂ ಪರ್ವಾಗಿಲ್ಲ, ಆದ್ರೆ ಲೂಪ್‌ಗೆ ಮೂಗೆತ್ತಿದ ತಕ್ಷಣ ಲೀನ್ (ಫ್ಯೂಯಲ್ ಕಮ್ಮಿ) ಆಗಿ ಕಿರುಚುತ್ತೆ, ನೆತ್ತಿ ಮೇಲೆ ಹೋಗೋಷ್ಟರಲ್ಲಿ ದಮ್ಮೇ ಇರಲ್ಲ. ನೀಡಲ್ (ಫ್ಯೂಯಲ್ ಹೆಚ್ಚುಕಮ್ಮಿ ಮಾಡೋ ತಿರುಪು) ರಿಚ್ (ಫ್ಯೂಯಲ್ ಜಾಸ್ತಿ) ಮಾಡಿದ್ರೆ ಲೆವೆಲಲ್ಲಿ ಎಳೆಯೋದೇ ಇಲ್ಲ. ವೆಂಚುರಿ ದೊಡ್ಡದಾಯ್ತಾ? 7 ಹಾಕ್ಲಾ 7.5 ಹಾಕ್ಲಾ? ಇಷ್ಟು ಸಿಸಿಗೆ ಇಷ್ಟು ಎಂಎಂ ಅಂತ ಏನಾದ್ರೂ ಲೆಕ್ಕ ಇದ್ಯಾ?

ಉತ್ತರ 1:
ಹೌದು, ಬರೀ ಸಕ್ಷನ್ ಮೇಲೆ ಓಡಿಸೋಕೆ ಅದು ದೊಡ್ಡದೇ. ಆದ್ರೆ ದಯವಿಟ್ಟು ತೂತಿನ ಅಳತೆ ಒಂದನ್ನೇ ಹಿಡ್ಕೊಂಡು ಯೋಚನೆ ಮಾಡ್ಬೇಡಿ, ಎಲ್ರೂ "ನಂದು 7, ನಿಂದೆಷ್ಟು" ಅಂತಾರೆ, ಬಾರ್ ಎಷ್ಟು ದಪ್ಪ ಅಂತ ಯಾರೂ ಹೇಳಲ್ಲ. ಗಾಳಿಗೆ ಸಿಗೋದು ಬಾರ್ ಅಡ್ಡ ನಿಂತ ಮೇಲೆ ಉಳಿಯೋ ಸಂದು ಮಾತ್ರ. ತೂತಿನ ಏರಿಯಾದಿಂದ, ತೂತಿನ ಅಗಲ ಇಂಟು ಬಾರ್ ದಪ್ಪ ಕಳೀರಿ. ಅಂದಾಜಿನ ಲೆಕ್ಕ, ಒಂದಕ್ಕೊಂದು ಹೋಲಿಸೋಕೆ ಸಾಕು. ನಿಮ್ಮ 8ಕ್ಕೆ 50.3ರಲ್ಲಿ 32 ಹೋದ್ರೆ ಸುಮಾರು 18 ಚದರ ಎಂಎಂ. 7.5ಕ್ಕೆ 14, 7ಕ್ಕೆ ಹತ್ತೂವರೆ. ನೋಡಿ, 7ರಿಂದ 7.5ಕ್ಕೆ ಹೋದ್ರೆ ಬರೀ ಅರ್ಧ ಎಂಎಂ ಅನ್ಸುತ್ತೆ, ಗಾಳಿ ದಾರಿ ಮಾತ್ರ ಹತ್ರ ಹತ್ರ ಮೂರನೇ ಒಂದು ಭಾಗ ಜಾಸ್ತಿ ಆಗುತ್ತೆ. ಇನ್ನೊಂದು, ಅದೇ 7ರ ವೆಂಚುರಿಗೆ 4ರ ಬದಲು 3.5 ಬಾರ್ ಹಾಕಿದ್ರೂ 14 ಬರುತ್ತೆ, ಅಂದ್ರೆ ಅದು 7.5 ಆದಂಗೇ! ಅದಕ್ಕೇ ಬೇರೆಯವರ ನಂಬರ್ ಹಾಗೇ ಎತ್ಕೊಂಡ್ರೆ ಕೆಲಸ ಕೆಡುತ್ತೆ.

ಸಂದು ಕಿರಿದಾದಷ್ಟೂ ಗಾಳಿ ವೇಗ ಜಾಸ್ತಿ, ಒತ್ತಡ ಕಮ್ಮಿ, ಫ್ಯೂಯಲ್ ಗಟ್ಟಿಯಾಗಿ ಎಳ್ಕೊಳ್ಳುತ್ತೆ, ನೀರಿನ ಪೈಪ್ ಬಾಯಿಗೆ ಹೆಬ್ಬೆರಳು ಒತ್ತಿದಾಗ ನೀರು ಚಿಮ್ಮುತ್ತಲ್ಲ ಹಂಗೆ ಗಾಳಿ ನುಗ್ಗುತ್ತೆ. ಮೂಗೆತ್ತಿದಾಗ ಟ್ಯಾಂಕ್ ಇಂಜಿನ್‌ಗಿಂತ ಕೆಳಗೆ ಹೋಗುತ್ತೆ, ಫ್ಯೂಯಲ್ ಮೇಲೆ ಹತ್ಬೇಕು, ನಿಮ್ಮದರಲ್ಲಿ ಹತ್ತಿಸೋ ಎಳೆತ ಸಾಲ್ತಿಲ್ಲ. 7ರಿಂದ ಶುರು ಮಾಡಿ. ಚಿಕ್ಕದನ್ನ ರೀಮರ್ ಹಾಕಿ ದೊಡ್ಡದು ಮಾಡ್ಬಹುದು, ದೊಡ್ಡದನ್ನ ಚಿಕ್ಕದು ಮಾಡೋಕೆ ಆಗಲ್ಲ.

ಉತ್ತರ 2:
ಮೇಲಿನವರ ಲೆಕ್ಕ ಒಪ್ತೀನಿ, ಆದ್ರೆ ಚಿಕ್ಕದು ಹಾಕಿದ್ರೆ ಪವರ್ ಇಳಿಯುತ್ತೆ ಅನ್ನೋದನ್ನೂ ಹೇಳ್ಬೇಕು. ಸ್ಟಂಟ್‌ಗೆ ಅದು ನಷ್ಟ ಅಲ್ಲ, ನಮಗೆ ಬೇಕಿರೋದು ಟಾಪ್ ಆರ್‌ಪಿಎಂ ಅಲ್ಲ, ಲೆವೆಲಲ್ಲಿ ರಿಚ್ ಆಗಿ ಫೋರ್ ಸ್ಟ್ರೋಕ್ (ಒಂದು ಸುತ್ತು ಬಿಟ್ಟು ಒಂದು ಸುತ್ತು ಹೊತ್ಕೊಳ್ಳೋದು) ಮಾಡ್ಕೊಂಡು ಹೋಗಿ ಮೂಗೆತ್ತಿದಾಗ ಟೂ ಸ್ಟ್ರೋಕ್‌ಗೆ (ಪ್ರತಿ ಸುತ್ತೂ ಹೊತ್ಕೊಳ್ಳೋದು) ಬಂದು, ಲೆವೆಲ್ ಆದ್ಮೇಲೆ ಮತ್ತೆ ಫೋರ್‌ಗೆ ಇಳಿಯೋದು. ಆ ಬದಲಾವಣೆ ಮೆತ್ತಗೆ ಆಗ್ಬೇಕು ಅಂದ್ರೆ ಎಳೆತ ಚೆನ್ನಾಗಿರ್ಬೇಕು. ಸ್ಪೀಡ್, ಕಾಂಬ್ಯಾಟ್ ಆಡೋರು ಇಷ್ಟೇ ಇಂಜಿನ್‌ಗೆ ದೊಡ್ಡ ತೂತು ಇಟ್ಕೊಂಡು ಓಡಿಸ್ತಾರೆ, ಯಾಕಂದ್ರೆ ಅವ್ರು ಫ್ಯೂಯಲ್ ಪ್ರೆಶರಲ್ಲಿ ತಳ್ತಾರೆ, ಎಳೆತದ ಚಿಂತೆ ಇಲ್ಲ. ಅವ್ರ ಸೈಜ್ ನೋಡಿ ನೀವು ಕಾಪಿ ಮಾಡ್ಬೇಡಿ.

ಬಾರ್‌ನ ಫ್ಯೂಯಲ್ ತೂತು ಯಾವ ಕಡೆ ತಿರುಗಿದೆ ಅಂತನೂ ನೋಡಿ. ಮೇಲ್ಮುಖ ಇದ್ರೆ ಗಾಳಿ ನೇರ ತೂತಿಗೇ ಬಡಿದು ಎಳೆತ ಸಾಯುತ್ತೆ, ಅಕ್ಕಪಕ್ಕ ಅಥವಾ ಸ್ವಲ್ಪ ಕೆಳಮುಖ ಇರ್ಲಿ.

ಪ್ರಶ್ನೆ ಕೇಳಿದವರು:
ಬಾರ್ ತೂತು ಪಕ್ಕಕ್ಕೇ ಇದೆ. ಹಾಗಾದ್ರೆ 7 ಮಾಡಿಸ್ತೀನಿ. ಇನ್ನೊಂದು ಡೌಟು, ಬಾರೇ ಇಲ್ದೆ ಗೋಡೆಯಿಂದ ಫ್ಯೂಯಲ್ ಬರೋ ವೆಂಚುರಿ ಇರುತ್ತಲ್ಲ, ಅದಕ್ಕೆ ಎಷ್ಟು ಲೆಕ್ಕ?

ಉತ್ತರ 1:
ಅದ್ರಲ್ಲಿ ಅಡ್ಡ ಏನೂ ಇಲ್ಲ, ಪೂರ್ತಿ ತೂತು ಗಾಳಿಗೇ. ಹತ್ತೂವರೆ ಚದರ ಎಂಎಂ ಬೇಕು ಅಂದ್ರೆ 3.7 ಎಂಎಂ ಹತ್ರ ಸಾಕು. ಅದು ಬರೀ ಏರಿಯಾ ಲೆಕ್ಕ, ಗೋಡೆ ಹತ್ರದ ಎಳೆತ ಬೇರೆ ಥರ ಇರುತ್ತೆ, ಹಂಗಾಗಿ ಅದಕ್ಕೆ ಓಡಿಸಿ ನೋಡಿನೇ ಸೈಜ್ ಸೆಟ್ ಮಾಡ್ಕೊಬೇಕು. ಸದ್ಯಕ್ಕೆ ನಿಮ್ಮ ಬಾರೇ ಇಟ್ಕೊಳ್ಳಿ.

ಉತ್ತರ 3:
ಲೇತ್‌ಗೆ ಕೊಡೋ ಮುಂಚೆ ವೆಂಚುರಿ ಬುಡದ ಓ ರಿಂಗ್ ನೋಡಿ. ಕಾರ್ಬ್ಯುರೇಟರ್ ಬಿಚ್ಚಿ ವೆಂಚುರಿ ಹಾಕಿದಾಗ ಅಲ್ಲಿ ಗಾಳಿ ಲೀಕ್ ಆಗೋದು ತುಂಬಾ ಸಾಮಾನ್ಯ, ಲಕ್ಷಣನೂ ನೀವು ಹೇಳಿದ್ದೇ. ಟ್ಯೂಬಲ್ಲಿ ಸಣ್ಣ ತೂತಿದ್ರೂ ಹಂಗೇ ಆಗುತ್ತೆ. ಆಮೇಲೆ ಪ್ಲೇನ್ ತಲೆಕೆಳಗಾಗಿ ಹಾರಿಸಿ ನೋಡಿ, ನೆಟ್ಟಗಿದ್ದಾಗಕ್ಕಿಂತ ಲೀನ್ ಆದ್ರೆ ಟ್ಯಾಂಕ್ ಎತ್ತರ ಜಾಸ್ತಿ ಆಗಿದೆ, ಸ್ವಲ್ಪ ಇಳಿಸಿ. ರಿಚ್ ಆದ್ರೆ ಏರಿಸಿ. ಇದನ್ನ ವೆಂಚುರಿ ಬದಲಾಯಿಸಿ ಸರಿ ಮಾಡೋಕೆ ಆಗಲ್ಲ.

ಮಾಡಿಸುವಾಗ ಮೇಲಿನ ಬಾಯಿ ಚೂಪಾಗಿ ಬಿಡ್ಬೇಡಿ, ಗುಂಡಗೆ ಅಗಲ ಮಾಡಿಸಿ, ಬಾರ್ ಸರಿಯಾಗಿ ಅತೀ ಕಿರಿದಾದ ಜಾಗಕ್ಕೆ ಬರ್ಲಿ. ಹೊಸದು ಹಾಕಿದ ಮೇಲೆ ಹಳೇ ನೀಡಲ್ ಸೆಟ್ಟಿಂಗ್ ನಂಬ್ಬೇಡಿ, ರಿಚ್ ಕಡೆಯಿಂದ ಮೆಲ್ಲಗೆ ಬನ್ನಿ, ಮತ್ತೆ ಪ್ರೊಪೆಲ್ಲರ್ ಹಿಂದೆ ನಿಂತೇ ನೀಡಲ್ ಮುಟ್ಟಿ.