ತಮ್ಮನಿಗೆ ಮೊದ್ಲು ಡಿಪ್ರೆಶನ್ ಅಂದ್ರು, ಈಗ ಬೈಪೋಲಾರ್ ಅಂತಿದಾರೆ, ಯಾವ್ದು ನಂಬೋದು?

ಮಳೆಹನಿ_ದಾವಣಗೆರೆ

ಎಲ್ಲರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ. ನನ್ನ ತಮ್ಮನಿಗೆ 24 ವರ್ಷ, ಬೆಂಗಳೂರಲ್ಲಿ ಕೆಲಸದಲ್ಲಿದ್ದ, ಯುಗಾದಿಗೆ ಊರಿಗೆ ಬಂದವನು ವಾಪಸ್ ಹೋಗ್ಲೇ ಇಲ್ಲ. ಇಡೀ ದಿನ ಮಲಗಿರ್ತಿದ್ದ, ಸ್ನಾನ ಮಾಡೋ ಅಂದ್ರೆ ಆಮೇಲೆ ಅಂತಿದ್ದ, ಫ್ರೆಂಡ್ಸ್ ಫೋನ್ ಮಾಡಿದ್ರೂ ಎತ್ತಲ್ಲ, ಅರ್ಧ ರೊಟ್ಟಿ ತಿಂದು ಎದ್ದು ಹೋಗ್ತಿದ್ದ. ಒಂದ್ ತಿಂಗಳು ನೋಡಿ ಒಬ್ರು ಡಾಕ್ಟರ್ ಹತ್ರ ಕರ್ಕೊಂಡು ಹೋದ್ವಿ, ಐದ್ ನಿಮಿಷ ಮಾತಾಡಿಸಿ ಡಿಪ್ರೆಶನ್ ಅಂತ ಮಾತ್ರೆ ಬರ್ಕೊಟ್ರು. ಮೂರು ವಾರಕ್ಕೆ ಎದ್ದು ಓಡಾಡೋಕೆ ಶುರು ಮಾಡ್ದ, ಅಮ್ಮ ಖುಷಿಗೆ ದೇವಸ್ಥಾನಕ್ಕೆ ಹೋಗಿ ಹಣ್ಣುಕಾಯಿ ಮಾಡಿಸ್ಕೊಂಡು ಬಂದ್ರು. ಆದ್ರೆ ಅಲ್ಲಿಗೆ ನಿಲ್ಲಲಿಲ್ಲ, ರಾತ್ರಿ ಎರಡು ಗಂಟೆಗೆ ಎದ್ದು ಕೊಟ್ಟಿಗೆ ತೊಳೆಯೋದು, ಒಂದೇ ಸಮ ಮಾತು, ಕೋಳಿ ಫಾರಂ ಹಾಕ್ತೀನಿ ಅಂತ ಯಾರ್ಯಾರ ಹತ್ರನೋ 40 ಸಾವಿರ ಸಾಲ ಮಾಡ್ಬಿಟ್ಟಿದಾನೆ, ಕೇಳಿದ್ರೆ ಕೂಗಾಡ್ತಾನೆ. ಈಗ ಬೇರೆ ಸೈಕಿಯಾಟ್ರಿಸ್ಟ್ ನೋಡಿ ಇದು ಬೈಪೋಲಾರ್, ಅಂದ್ರೆ ಮನಸ್ಸು ಒಂದ್ಸಲ ಪೂರ್ತಿ ಕುಸಿದು ಇನ್ನೊಂದ್ಸಲ ಅತಿ ಹುರುಪಿಗೆ ಏರೋ ಕಾಯಿಲೆ ಅಂತ ಹೇಳಿ, ಹಳೇ ಮಾತ್ರೆ ನಿಲ್ಸಿ ಲಿಥಿಯಂ ಅನ್ನೋ ಮಾತ್ರೆ ಶುರು ಮಾಡಿದಾರೆ.

ನನಗೆ ತಲೆ ಕೆಟ್ಟು ಹೋಗಿದೆ. ಡಿಪ್ರೆಶನ್ನಲ್ಲೂ ಬೇರೆ ಬೇರೆ ಥರ ಇರುತ್ತಾ? ಮೊದ್ಲಿನವರದ್ದು ತಪ್ಪಾ? ಇನ್ನೊಂದು, ಅಮ್ಮನೂ ಹತ್ತು ವರ್ಷದಿಂದ ಮೈ ಭಾರ, ತಲೆನೋವು, ಯಾವುದ್ರಲ್ಲೂ ಆಸೆ ಇಲ್ಲ ಅಂತ ಇರ್ತಾರೆ, ಸುಸ್ತು ಅಂದಾಗೆಲ್ಲ ಗ್ಲೂಕೋಸ್ ಹಾಕಿಸ್ಕೊಂಡು ಬರ್ತಾರೆ. ಅದೂ ಇದೇನಾ?

ಹಳೇಸೈಕಲ್

ಅಕ್ಕಾ, ನನಗೆ ಬೈಪೋಲಾರ್ ಗೊತ್ತಾಗಿ ಒಂಬತ್ತು ವರ್ಷ ಆಯ್ತು, ನಂದೂ ಶುರುವಾಗಿದ್ದು ಹೀಗೇನೇ. ಮಂಕಾಗಿ ಬಿದ್ದಿರೋ ಟೈಮಲ್ಲಿ ಬರೀ ಡಿಪ್ರೆಶನ್ನೂ ಬೈಪೋಲಾರ್ ಡಿಪ್ರೆಶನ್ನೂ ನೋಡೋಕೆ ಒಂದೇ ಥರ ಇರ್ತವೆ, ಅದಕ್ಕೆ ಮೊದ್ಲಿನ ಡಾಕ್ಟರ್ ಬೇಕಂತ ತಪ್ಪು ಮಾಡಿದ್ರು ಅಂತ ನಾನು ಹೇಳಲ್ಲ. ಆದ್ರೆ ಒಂದು ಪ್ರಶ್ನೆ ಕೇಳ್ಬೇಕಿತ್ತು, ಇದಕ್ಕಿಂತ ಮುಂಚೆ ಯಾವಾಗಾದ್ರೂ ನಿದ್ದೆ ಇಲ್ದೇನೂ ಸುಸ್ತಾಗ್ದೆ, ಸಿಕ್ಕಾಪಟ್ಟೆ ಹುರುಪಾಗಿ, ದುಡ್ಡು ಚೆಲ್ಲಾಡ್ಕೊಂಡು ಒಂದಷ್ಟು ದಿನ ಇದ್ನಾ ಅಂತ. ನಮ್ಮನೇಲೂ ಯಾರೂ ಹೇಳಿರ್ಲಿಲ್ಲ, ಯಾಕಂದ್ರೆ ಆ ದಿನಗಳನ್ನ ಎಲ್ರೂ ಹುಡುಗ ಚುರುಕಾಗಿದಾನೆ ಅಂದ್ಕೊಂಡಿದ್ರು. ಬೈಪೋಲಾರ್ ಇರೋರಿಗೆ ಬರೀ ಡಿಪ್ರೆಶನ್ ಮಾತ್ರೆ ಒಂದೇ ಕೊಟ್ರೆ ಕೆಲವ್ರಿಗೆ ಹೀಗೆ ಮೇಲಕ್ಕೆ ಹೋಗ್ಬಿಡುತ್ತೆ, ಮನಸ್ಸಿನ ಏರಿಳಿತ ಹಿಡಿದಿಡೋ ಮೂಡ್ ಸ್ಟೆಬಿಲೈಸರ್ ಬೇಕು, ಲಿಥಿಯಂ ಅದೇ ಥರದ್ದು.

ಲಿಥಿಯಂ ಬಗ್ಗೆ ಹೆದರ್ಬೇಡಿ ಆದ್ರೆ ಹುಷಾರು. ರಕ್ತದಲ್ಲಿ ಅದರ ಲೆವೆಲ್ ಎಷ್ಟಿದೆ ಅಂತ ಆಗಾಗ ನೋಡಿಸ್ಬೇಕು, ಕಿಡ್ನಿ ಥೈರಾಯ್ಡ್ ಟೆಸ್ಟೂ ಮಾಡಿಸ್ಬೇಕು. ನೀರು ಚೆನ್ನಾಗಿ ಕುಡೀಲಿ, ಉಪ್ಪು ಒಮ್ಮೆಲೇ ಬಿಡೋದು ಬೇಡ, ಮೈಕೈ ನೋವಿಗೆ ಅಂತ ಮೆಡಿಕಲ್ ಶಾಪಲ್ಲಿ ಐಬುಪ್ರೊಫೆನ್ ಥರದ್ದು ತಗೊಳ್ಳೋದಂತೂ ಬೇಡ, ಲೆವೆಲ್ ಏರುತ್ತೆ. ವಾಂತಿ ಭೇದಿ ಆದ್ರೆ, ಕೈ ಜೋರಾಗಿ ನಡುಗಿದ್ರೆ, ನಡೆಯೋವಾಗ ತೂರಾಡಿದ್ರೆ ಅವತ್ತೇ ಡಾಕ್ಟರ್‌ಗೆ ಹೇಳಿ. ನಾನು ಈಗ ಕೆಲಸ ಮಾಡ್ತಿದೀನಿ, ಮದುವೆ ಆಗಿದೆ, ಮಗಳಿದಾಳೆ.

ಗುಡ್ಡದಮನೆ

ನಮ್ಮ ಮಾವನಿಗೂ ಡಿಪ್ರೆಶನ್ ಇತ್ತು, ದಿನಾ ಬೆಳಗ್ಗೆ ವಾಕಿಂಗ್, ಧ್ಯಾನ ಮಾಡ್ಸಿ ಮಾತ್ರೆ ಇಲ್ದೇನೇ ಸರಿ ಹೋಯ್ತು, ಅದನ್ನೂ ಒಂದ್ಸಲ ನೋಡಿ.

ಬಿಳಿಕೋಟು

ನಾನು ಸರ್ಕಾರಿ ಆಸ್ಪತ್ರೇಲಿ ನರ್ಸ್. ಗುಡ್ಡದಮನೆಯವರು ಹೇಳಿದ್ದು ಸುಳ್ಳಲ್ಲ, ಸೌಮ್ಯವಾಗಿದ್ರೆ ವ್ಯಾಯಾಮ, ಕೌನ್ಸೆಲಿಂಗ್ ಇವೇ ಎಷ್ಟೋ ಜನಕ್ಕೆ ಸಾಕಾಗುತ್ತೆ. ಆದ್ರೆ ಈ ಹುಡುಗನಿಗೆ ಈಗ ಮಾತ್ರೆ ಬಿಡಿಸೋ ಮಾತು ಯಾರೂ ಆಡ್ಬೇಡಿ.

ನಾನು ಕಂಡ ಹಾಗೆ ಹೇಳ್ತೀನಿ. ಎರಡು ವಾರ ಅಥವಾ ಜಾಸ್ತಿ ದಿನದ ಬಹುಪಾಲು ಮನಸ್ಸು ಕುಸಿದು, ಇಷ್ಟದ ಕೆಲಸನೂ ಬೇಡ ಅನ್ಸಿ, ನಿದ್ದೆ ಊಟ ಏರುಪೇರಾದ್ರೆ ಅದನ್ನ ಮೇಜರ್ ಡಿಪ್ರೆಶನ್ ಅಂತಾರೆ. ಅಷ್ಟು ಜೋರಿಲ್ದೆ ಎರಡು ವರ್ಷಕ್ಕಿಂತ ಜಾಸ್ತಿ ಎಳೀತಾ ಬಂದ್ರೆ ಡಿಸ್ಥೈಮಿಯಾ, ನಿಮ್ಮ ಅಮ್ಮನದ್ದು ಓದಿದಾಗ ನನಗೆ ಅದೇ ನೆನಪಾಯ್ತು, ಡಾಕ್ಟರೇ ನೋಡಿ ಹೇಳ್ಬೇಕು. ನಮ್ಮ ಕಡೆ ಹೆಂಗಸರು ಬೇಜಾರು ಅಂತ ಹೇಳ್ಕೊಳ್ಳಲ್ಲ, ಸುಸ್ತು, ಎದೆ ಉರಿ, ಮೈಕೈ ನೋವು ಅಂತಾನೇ ಬರ್ತಾರೆ, ನಾವೂ ಡ್ರಿಪ್ ಹಾಕಿ ಕಳಿಸ್ತೀವಿ, ಇದು ನನಗೆ ತುಂಬಾ ನೋವು ಕೊಡೋ ವಿಷಯ. ಹೆರಿಗೆ ಆದ್ಮೇಲೆ ಬರೋದು ಇನ್ನೊಂದು, ಬಾಣಂತಿ ಅಳ್ತಾ ಕೂತ್ರೆ ನಾಲ್ಕೈದು ದಿನಕ್ಕೆ ಸರಿ ಹೋಗುತ್ತೆ ಅಂತಾರೆ, ಎಷ್ಟೋ ಸಲ ಹೋಗುತ್ತೆ ಕೂಡ, ಎರಡು ವಾರ ದಾಟಿದ್ರೆ ಮಾತ್ರ ತೋರಿಸ್ಲೇಬೇಕು.

ಮಾತ್ರೆ ಅಭ್ಯಾಸ ಆಗ್ಬಿಡುತ್ತೆ ಅಂತ ಊರಲ್ಲಿ ಹೇಳೋರು ಇದ್ದೇ ಇರ್ತಾರೆ. ಡಿಪ್ರೆಶನ್ ಮಾತ್ರೆಗೆ ಹೆಂಡದ ಥರ ಚಟ ಹತ್ತಲ್ಲ, ಆದ್ರೆ ದಿಢೀರ್ ನಿಲ್ಸಿದ್ರೆ ತಲೆ ಸುತ್ತು, ಮೈಯಲ್ಲಿ ಕರೆಂಟ್ ಹೊಡೆದ ಹಾಗೆ ಆಗ್ಬಹುದು, ಅದಕ್ಕೆ ಸಾಮಾನ್ಯವಾಗಿ ಡಾಕ್ಟರ್ ಹೇಳಿದ ಹಾಗೆ ನಿಧಾನಕ್ಕೆ ಇಳಿಸೋದು. ನಿಮ್ಮ ತಮ್ಮನಿಗೆ ಮಾತ್ರ ಆ ಮಾತ್ರೆನೇ ತೊಂದ್ರೆ ಮಾಡ್ತಿದ್ದ ಹಾಗಿದೆ, ಅದಕ್ಕೆ ಅವರು ನಿಲ್ಲಿಸಿದ್ದು ಸರಿ. ಡಿಪ್ರೆಶನ್ ಮಾತ್ರೇಲಿ ಗುಣ ಕಾಣೋಕೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು, ವಾಕರಿಕೆ ಹೊಟ್ಟೆ ತೊಳಸೋದು ಮಾತ್ರ ಮೊದಲ್ನೇ ವಾರಾನೇ ಬರುತ್ತೆ, ತುಂಬಾ ಜನ ಬಿಟ್ಬಿಡೋದು ಅಲ್ಲೇ.

ಇನ್ನೊಂದು ಖಂಡಿತ ಮಾಡಿ. ಲಿಥಿಯಂ ಜಾಸ್ತಿ ನುಂಗಿದ್ರೆ ಅಪಾಯ, ಅದಕ್ಕೆ ಸ್ಟ್ರಿಪ್ಪು ನಿಮ್ಮ ಕೈಲಿ ಇರ್ಲಿ. ಹೊಲಕ್ಕೆ ಹೊಡೆಯೋ ಔಷಧಿ ಮನೇಲಿದ್ರೆ ಇವತ್ತೇ ಬೇರೆ ಕಡೆ ಸಾಗಿಸಿ. ಈ ಹುರುಪು ಇಳಿದ ಮೇಲೆ ಮತ್ತೆ ಕುಸಿಯಬಹುದು, ಆಗ ಸಾಯೋ ಯೋಚನೆ ಬರ್ತಿದ್ಯಾ ಅಂತ ನೇರವಾಗೇ ಕೇಳಿ, ಕೇಳೋದ್ರಿಂದ ಆ ಯೋಚನೆ ಹುಟ್ಟಲ್ಲ, ಹೇಳ್ಕೊಳ್ಳೋಕೆ ದಾರಿ ಸಿಗುತ್ತೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಫ್ರೀ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡ್ಬಹುದು.

ಕೆಂಪುಹರಿವೆ

ದುಡ್ಡಿನ ಚಿಂತೆ ಇದ್ರೆ ಜಿಲ್ಲಾಸ್ಪತ್ರೇಲಿ ಸೈಕಿಯಾಟ್ರಿ ವಿಭಾಗ ವಿಚಾರಿಸಿ. ಮನೋಚೈತನ್ಯ ಅಂತ ಸರ್ಕಾರದ ಕಾರ್ಯಕ್ರಮದಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗೂ ಸೈಕಿಯಾಟ್ರಿಸ್ಟ್ ಬರೋ ವ್ಯವಸ್ಥೆ ಇದೆ, ನಿಮ್ಮ ತಾಲೂಕಲ್ಲಿ ಯಾವ ಮಂಗಳವಾರ ಅಂತ ಮುಂಚೆನೇ ಕೇಳ್ಕೊಳ್ಳಿ. ಮಾನಸಿಕ ಕಾಯಿಲೆಗೆ ಅಂತಾನೇ ಇರೋ ದೊಡ್ಡ ಸರ್ಕಾರಿ ಆಸ್ಪತ್ರೆಗಳು, ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಅಂತೂ ಇದ್ದೇ ಇವೆ. ನಮ್ಮಮ್ಮನ್ನ ಹುಚ್ಚಾಸ್ಪತ್ರೆ ಅಂತ ಹೆದರಿಸಿದ್ರು, ನಾನು ನಿದ್ದೆಗೆ ತೋರ್ಸೋಣ ಬಾ ಅಂತ ಕರ್ಕೊಂಡು ಹೋದೆ. ಡಾಕ್ಟರ್ ಮುಂದೆ ಅರ್ಧ ಗಂಟೆ ಅತ್ರು, ಅಷ್ಟು ವರ್ಷ ಅವರು ಅತ್ತಿದ್ದು ನಾನು ನೋಡೇ ಇರ್ಲಿಲ್ಲ.

ಮಳೆಹನಿ_ದಾವಣಗೆರೆ

ಎಲ್ರಿಗೂ ತುಂಬಾ ಥ್ಯಾಂಕ್ಸ್, ಓದ್ತಾ ಓದ್ತಾ ಅಳು ಬಂತು. ಸೈಕಲ್ ಅಣ್ಣಾ, ನೀವು ಕೇಳಿದ್ದು ಯೋಚಿಸಿದೆ, ಎರಡನೇ ಪಿಯುಸಿ ಆದ್ಮೇಲೆ ಹದಿನೈದು ದಿನ ಸರಿಯಾಗಿ ನಿದ್ದೆನೇ ಮಾಡ್ದೆ ಮನೆಗೆಲ್ಲ ಒಬ್ನೇ ಸುಣ್ಣ ಬಳಿದಿದ್ದ, ನಾವು ಎಲ್ರಿಗೂ ಹೇಳ್ಕೊಂಡು ಹೆಮ್ಮೆ ಪಟ್ಟಿದ್ವಿ. ಈ ಸಲ ಡಾಕ್ಟರ್‌ಗೆ ಹೇಳ್ತೀನಿ. ಹೊಲದ ಔಷಧಿ ಡಬ್ಬಿ ಚಿಕ್ಕಪ್ಪನ ಮನೆಗೆ ಕಳಿಸಾಯ್ತು. ಅಮ್ಮನ್ನೂ ಜೊತೆಗೆ ಕರ್ಕೊಂಡು ಹೋಗ್ತೀನಿ, ಮಗನ ಜೊತೆಗೆ ಅಂದ್ರೆ ಬರ್ತಾರೆ.

ಬಿಳಿಕೋಟು

ಹೋಗೋವಾಗ ಅಮ್ಮನ ಹಳೇ ಚೀಟಿಗಳು ತಗೊಂಡು ಹೋಗಿ, ಥೈರಾಯ್ಡ್ ಟೆಸ್ಟ್ ಮಾಡ್ಸಿಲ್ಲ ಅಂದ್ರೆ ಅದನ್ನೂ ಕೇಳಿ, ಥೈರಾಯ್ಡ್ ಕಮ್ಮಿ ಇದ್ರೂ ಇದೇ ಥರ ಸುಸ್ತು, ಮಂಕು ಬರುತ್ತೆ.