ಲಾನ್ ತೆಗೆದು ನಾಟಿ ಹೂಗಿಡ ಬೆಳೆಸ್ಬೇಕು, ಮಣ್ಣು ಅಗೀಬೇಕಾ?

ಹೊಸಚಿಗುರು:
ಮನೆ ಮುಂದೆ ಸುಮಾರು 40 ಚದರ ಮೀಟರ್ ಲಾನ್ ಇದೆ, ವಾರ ವಾರ ಕತ್ತರಿಸ್ತೀನಿ ನೀರು ಹಾಕ್ತೀನಿ, ಆದ್ರೂ ಅದರ ಮೇಲೆ ಒಂದು ಚಿಟ್ಟೆ ಕೂತಿದ್ದು ನೋಡಿಲ್ಲ. ಅದನ್ನ ತೆಗೆದು ನಮ್ಮ ಸೀಮೇದೇ ಕಾಡುಹೂ, ಕಾಡುಹುಲ್ಲು ಬೆಳೆಸೋ ಆಸೆ. ಹೋದ ವರ್ಷ ಒಂದು ಮೂಲೆ ಪೂರ್ತಿ ಅಗೆದು, ಗೊಬ್ಬರ ಬೆರೆಸಿ, ಪ್ಯಾಕೆಟ್ಟಲ್ಲಿ ಸಿಗೋ ವೈಲ್ಡ್‌ಫ್ಲವರ್ ಮಿಕ್ಸ್ ಚೆಲ್ಲಿದ್ದೆ. ಒಂದು ತಿಂಗಳು ಕಣ್ತುಂಬ ಹೂವು, ಆಮೇಲೆ ಸೊಂಟದುದ್ದ ಕಳೆ. ಈ ಸಲ ಇನ್ನೂ ಆಳಕ್ಕೆ ಅಗೀಲಾ?

ಮಣ್ಣುಕೈ:
ಅಗೀಲೇಬೇಡಿ ದಯವಿಟ್ಟು. ಮಣ್ಣೊಳಗೆ ವರ್ಷಗಟ್ಟಲೆ ಸುಮ್ನೆ ಮಲಗಿರೋ ಕಳೆ ಬೀಜ ಇರ್ತವೆ, ಅಗೆದ್ರೆ ಮೇಲೆ ಬಂದು ಬೆಳಕು ಕಂಡಿದ್ದೇ ಮೊಳೀತವೆ, ಅದಕ್ಕೆ ನೀವು ಗೊಬ್ಬರ ಬೇರೆ ಹಾಕಿದೀರಿ. ಕಾಡುಹೂಗಳಿಗೆ ಬಡ ಮಣ್ಣೇ ಸಾಕು, ಕೊಬ್ಬಿದ ಮಣ್ಣಲ್ಲಿ ಗೆಲ್ಲೋದು ಕಳೆನೇ. ಆ ಮಿಕ್ಸ್‌ಗಳಲ್ಲೂ ಎಷ್ಟೋ ಸಲ ಎಲ್ಲಿಂದಲೋ ಬಂದ ಒಂದೇ ವರ್ಷದ ಗಿಡಗಳೇ ಜಾಸ್ತಿ, ಪ್ಯಾಕೆಟ್ ಮೇಲಿನ ಹೆಸರು ಒಂದೊಂದಾಗಿ ಓದಿ.
ನಾನು ಮಾಡಿದ್ದು ಇಷ್ಟು. ಹುಲ್ಲು ಬುಡಕ್ಕೆ ಕತ್ತರಿಸಿ, ಟೇಪು ಪಿನ್ನು ಕಿತ್ತು ರಟ್ಟು ಹಾಸಿದೆ, ಅಂಚು ಒಂದರ ಮೇಲೊಂದು 15 ಸೆಂ.ಮೀ. ಬರೋ ಹಾಗೆ, ಚೆನ್ನಾಗಿ ನೆನೆಸಿ ಮೇಲೆ 10 ಸೆಂ.ಮೀ. ಒಣೆಲೆ. ಎರಡು ತಿಂಗಳಾದ್ಮೇಲೆ ಒಂದು ಮೂಲೆ ಎತ್ತಿ ನೋಡಿದೆ, ಹುಲ್ಲು ಬೆಳ್ಳಗೆ ನೂಲಿನ ಥರ ಮಣ್ಣಿಗೆ ಅಂಟ್ಕೊಂಡಿತ್ತು, ಅದರಡಿ ಎರೆಹುಳ ಓಡಾಡಿದ ದಾರಿಗಳು, ಮಣ್ಣು ಬೆರಳಿಗೆ ಹುಡಿಹುಡಿ! ಇನ್ನೂ ಎರಡು ತಿಂಗಳು ಬಿಟ್ಟು ಸಸಿ ನೆಟ್ಟೆ. ಬೀಜಾನೇ ಹಾಕೋದಾದ್ರೆ ಎಲೆ, ರಟ್ಟು ಸರಿಸಿ ಬರೀ ಮಣ್ಣಿಗೆ ಹಾಕ್ಬೇಕು, ಮರಳಲ್ಲಿ ಬೆರೆಸಿ ಚೆಲ್ಲಿ, ಮುಚ್ಚದೆ ಕಾಲಲ್ಲಿ ತುಳೀರಿ ಸಾಕು.

ಬಿಸಿಲುಕೋಲು:
ಲಾನ್ ಗರಿಕೇದಾ? ಹಾಗಿದ್ರೆ ರಟ್ಟನ್ನೇ ನಂಬ್ಬೇಡಿ, ಅದರ ಬೇರುಗೆಣ್ಣು ಅಂಚಿಂದ ನುಸುಳಿ ಹೊರಗೆ ಬರತ್ತೆ. ಕಡು ಬಿಸಿಲಿನ ಕಾಲದಲ್ಲಿ ನೆಲ ನೆನೆಸಿ, ಪಾರದರ್ಶಕ ಪ್ಲಾಸ್ಟಿಕ್ ಬಿಗಿಯಾಗಿ ಹೊದಿಸಿ, ಅಂಚಿಗೆ ಮಣ್ಣು ಕೊಟ್ಟು 6ರಿಂದ 8 ವಾರ ಬಿಡಿ. ಆಮೇಲೂ ಚಿಗುರು ಕಂಡಲ್ಲೆಲ್ಲ ಕೀಳ್ತಾನೇ ಇರ್ಬೇಕು.

ಎಲೆಹುಳ:
ಮೊದಲ್ನೇ ವರ್ಷ ಹೂವು ನಿರೀಕ್ಷೆ ಮಾಡ್ಬೇಡಿ, ಬಹುವಾರ್ಷಿಕ ಗಿಡಗಳು ಮೊದ್ಲು ಬೇರು ಇಳಿಸ್ತವೆ, ಮೇಲೆ ನೋಡಿದ್ರೆ ಏನೂ ಇಲ್ಲ ಅನ್ಸತ್ತೆ. ಆ ವರ್ಷ ಕಳೆ ಬೀಜ ಕಟ್ಟೋಕೆ ಮುಂಚೆ 15-20 ಸೆಂ.ಮೀ. ಎತ್ತರಕ್ಕೆ ಸವರ್ತಾ ಇರಿ. ಚಿಟ್ಟೆ ಬೇಕು ಅಂದ್ರೆ ಹೂವು ಮಾತ್ರ ಸಾಲದು, ಅದರ ಮರಿಹುಳಕ್ಕೆ ತಿನ್ನೋಕೆ ಎಲೆ ಬೇಕು, ಪ್ಲೇನ್ ಟೈಗರ್ ಅನ್ನೋ ಚಿಟ್ಟೆ ಎಕ್ಕದ ಜಾತಿ ಗಿಡದ ಮೇಲೇ ಮೊಟ್ಟೆ ಇಡೋದು. ಒಂದು ಮೂಲೇಲಿ ಬರಿ ನೆಲ ಬಿಡಿ, ಗುಂಪು ಕಟ್ಟದೆ ಒಂಟಿಯಾಗಿ ಬದುಕೋ ಜೇನ್ನೊಣಗಳಲ್ಲಿ ಬಹುಪಾಲು ಗೂಡು ಮಾಡೋದು ಮಣ್ಣಲ್ಲೇ. ಒಣಗಿದ ಕಡ್ಡಿ ಕತ್ತರಿಸೋ ಅವಸರ ಬೇಡ, ಟೊಳ್ಳಿನೊಳಗೆ ಅಂಥ ಬೇರೆ ಜೇನ್ನೊಣಗಳ ಮರಿ ಇರ್ತವೆ.

ಹೊಸಚಿಗುರು:
ಗರಿಕೇನೇ! ಬಿಸಿಲಿಗೆ ಕಾಯ್ತೀನಿ, ಮೊದ್ಲು ಕಾಲು ಭಾಗ ಮಾತ್ರ. ಸಸಿ ಎಳೇದಿದ್ದಾಗ ಕಳೆ ಯಾವ್ದು ಹೂಗಿಡ ಯಾವ್ದು ಅಂತ ಹೇಗೆ ಗೊತ್ತಾಗತ್ತೆ?

ಮಣ್ಣುಕೈ:
ಅದೇ ಬೀಜ ಒಂದೊಂದು ಚಿಟಿಕೆ ಕಳೆ ಇಲ್ಲದ ಮಣ್ಣಿನ ಕುಂಡದಲ್ಲಿ ಬೇರೆ ಬೇರೆ ಹಾಕಿ ಹೆಸರು ಬರೆದಿಡಿ. ಕುಂಡದಲ್ಲಿರೋ ಎಲೆ ನೋಡ್ಕೊಂಡು ನೆಲದಲ್ಲಿ ಕೀಳಿ.