ಘಾಟಿಯ ತಿರುವಿನಲ್ಲಿ ಕಾರಿನ ಮೂತಿ ಹೊರಕ್ಕೆ ಸರಿಯುತ್ತದೆ: ಅಂಡರ್‌ಸ್ಟಿಯರ್ ಕಡಿಮೆ ಮಾಡುವ ಬಗೆ

ಪ್ರಶ್ನೆ (ಕೋಥ್ರೂಡ್, ಪುಣೆ)

ನಮಸ್ಕಾರ. ಮುಳಶಿಯಿಂದ ತಾಮ್ಹಿಣಿ ಘಾಟಿ ಇಳಿದು ಮಾಣಗಾವಿಗೆ ಆಗಾಗ ಹೋಗಿಬರುತ್ತೇನೆ. ನನ್ನದು ಫ್ರಂಟ್ ವೀಲ್ ಡ್ರೈವ್‌ನ ಸಣ್ಣ ಹ್ಯಾಚ್‌ಬ್ಯಾಕ್. ಎಡಕ್ಕೆ ತಿರುಗುವ ಬಿಗಿ ತಿರುವುಗಳಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ಸ್ಟಿಯರಿಂಗ್ ಇನ್ನಷ್ಟು ತಿರುಗಿಸಿದರೂ ಕಾರು ಒಳಕ್ಕೆ ಬಾರದೆ ಎದುರು ವಾಹನಗಳ ಪಾಲಿನ ರಸ್ತೆಯತ್ತ ಸರಿಯುತ್ತದೆ. ಇದನ್ನೇ ಅಂಡರ್‌ಸ್ಟಿಯರ್ ಎನ್ನುತ್ತಾರಂತೆ. ಸ್ಪ್ರಿಂಗ್ ತಗ್ಗಿಸಿ, ಅಗಲದ ಟೈರು ಹಾಕಿಸಿಕೊಳ್ಳಿ ಎಂದು ಗ್ಯಾರೇಜಿನವರು ಹೇಳಿದರು. ಹಣ ಹಾಕುವ ಮುನ್ನ ಯಾವುದರಿಂದ ಆರಂಭಿಸಬೇಕೆಂದು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1 (ಫೋಂಡಾ, ಗೋವಾ)

ಸ್ಪ್ರಿಂಗಿನ ಮಾತು ಸದ್ಯಕ್ಕೆ ಬೇಡ. ನಿಮ್ಮ ಕಾರಿನಲ್ಲಿ ಎಂಜಿನ್ನಿನ ಭಾರ ಹೊರುವುದು, ಕಾರನ್ನು ಎಳೆಯುವುದು, ತಿರುಗಿಸುವುದು, ಬ್ರೇಕಿನ ಹೆಚ್ಚಿನ ಪಾಲನ್ನು ತಾಳುವುದು ಎಲ್ಲವೂ ಮುಂದಿನ ಎರಡು ಟೈರುಗಳ ಕೆಲಸ. ಟೈರಿಗಿರುವ ಹಿಡಿತಕ್ಕೆ ಒಂದು ಮಿತಿಯಿದೆ. ಅದರಲ್ಲಿ ಒಂದಂಶವನ್ನು ಬ್ರೇಕಿಗೋ ಆಕ್ಸಿಲರೇಟರಿಗೋ ಕೊಟ್ಟರೆ ತಿರುಗಲು ಉಳಿಯುವುದು ಅಷ್ಟು ಕಡಿಮೆ. ಆ ಮಿತಿ ದಾಟಿದ ಮೇಲೆ ಸ್ಟಿಯರಿಂಗ್ ಇನ್ನೂ ತಿರುಗಿಸಿದರೆ ಹಿಡಿತ ಹೆಚ್ಚುವುದಿಲ್ಲ, ಬದಲಿಗೆ ಇಳಿಯುತ್ತದೆ. ಆಗ ಆಕ್ಸಿಲರೇಟರನ್ನು ನಿಧಾನವಾಗಿ ಸಡಿಲಿಸಿ, ಸ್ಟಿಯರಿಂಗನ್ನು ತುಸು ನೇರ ಮಾಡಿ, ಟೈರು ಮತ್ತೆ ರಸ್ತೆ ಕಚ್ಚಿದ ಮೇಲೆ ತಿರುಗಿಸಬೇಕು. ಗಾಬರಿಯಿಂದ ಮನಸ್ಸು ಇದಕ್ಕೆ ತದ್ವಿರುದ್ಧವಾದದ್ದನ್ನೇ ಮಾಡಿಸುತ್ತದೆ, ಆದ್ದರಿಂದ ಇದನ್ನು ಮೊದಲೇ ಮನದಟ್ಟು ಮಾಡಿಕೊಳ್ಳುವುದು ಒಳ್ಳೆಯದು.

ವೇಗದ ಲೆಕ್ಕವನ್ನೂ ಗಮನಿಸಿ. ಒಂದೇ ತಿರುವನ್ನು ಗಂಟೆಗೆ 40 ಕಿ.ಮೀ. ಬದಲು 50ರಲ್ಲಿ ತೆಗೆದುಕೊಂಡರೆ ಬೇಕಾಗುವ ಅಡ್ಡಬಲ ಒಂದೂವರೆ ಪಟ್ಟಿಗೂ ಹೆಚ್ಚಾಗುತ್ತದೆ, ಏಕೆಂದರೆ ಅದು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಹಾಗಾಗಿ ಬ್ರೇಕು ಹಿಡಿಯುವ ಕೆಲಸವೆಲ್ಲ ರಸ್ತೆ ನೇರವಿರುವಾಗಲೇ ಮುಗಿಯಬೇಕು; ತಿರುವಿನ ಕೊನೆ ಕಾಣಿಸಿದ ಮೇಲೆಯೇ ವೇಗ ಏರಿಸಬೇಕು.

ಬಳಿಕ ಟೈರು ನೋಡಿ. ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿರುವಷ್ಟು ಗಾಳಿಯನ್ನು ಟೈರು ತಣ್ಣಗಿರುವಾಗ ತುಂಬಿಸಿ. ನಮ್ಮಲ್ಲಿ ಕಾನೂನು ಒಪ್ಪುವ ಕನಿಷ್ಠ ಟ್ರೆಡ್ (ಟೈರಿನ ಮೇಲ್ಮೈಯ ಗೀರುಗಳ) ಆಳ 1.6 ಮಿ.ಮೀ., ಆದರೆ ಕೊಂಕಣದ ಮಳೆಗೆ ಅಷ್ಟು ಸಾಲದೆಂಬುದು ನನ್ನ ದೃಢ ಅಭಿಪ್ರಾಯ. ಸವೆದ ಶಾಕ್ ಅಬ್ಸಾರ್ಬರ್, ಸಡಿಲವಾದ ಬುಷ್ (ಸಸ್ಪೆನ್ಷನ್ ಕೀಲುಗಳ ರಬ್ಬರು), ತಪ್ಪಿದ ಅಲೈನ್‌ಮೆಂಟ್ (ಚಕ್ರಗಳ ಕೋನದ ಹೊಂದಾಣಿಕೆ) ಇವುಗಳನ್ನೂ ಪರೀಕ್ಷಿಸಿ. ಅಗಲದ ಟೈರು ಒಣ ರಸ್ತೆಯಲ್ಲಿ ನೆರವಾದೀತು, ಆದರೆ ನಿಂತ ನೀರಿನ ಮೇಲೆ ಬೇಗ ತೇಲುತ್ತದೆ. ಅಳತೆ ಬದಲಿಸದೆ, ಒದ್ದೆ ರಸ್ತೆಯಲ್ಲಿ ಚೆನ್ನಾಗಿ ಹಿಡಿಯುವ ಟೈರಿಗೆ ಹಣ ಕೊಡಿ.

ಉತ್ತರ 2 (ಠಾಣೆ, ಮುಂಬಯಿ)

ಮೇಲಿನವರ ಮಾತು ಸರಿ. ಆದರೂ ಸಸ್ಪೆನ್ಷನ್ನಿನಿಂದ ಆಗಬಹುದಾದದ್ದನ್ನೂ ಹೇಳಬೇಕು. ತಿರುವಿನಲ್ಲಿ ಕಾರು ವಾಲಿದಾಗ ಹೊರಬದಿಯ ಮುಂದಿನ ಟೈರು ಹೊರಕ್ಕೆ ಬಾಗಿ ಅಂಚಿನ ಮೇಲೆ ನಿಲ್ಲುತ್ತದೆ. ಸುಮಾರು ಒಂದು ಡಿಗ್ರಿ ನೆಗೆಟಿವ್ ಕ್ಯಾಂಬರ್ ಕೊಟ್ಟರೆ, ಅಂದರೆ ಚಕ್ರದ ಮೇಲ್ತುದಿಯನ್ನು ತುಸು ಒಳಕ್ಕೆ ವಾಲಿಸಿದರೆ, ಅದು ಹೆಚ್ಚು ಸಮತಟ್ಟಾಗಿ ಕೂರುತ್ತದೆ. ಒಳ ಅಂಚು ತುಸು ಬೇಗ ಸವೆಯುತ್ತದೆ ಎಂಬುದಷ್ಟೇ ಅದರ ಬೆಲೆ. ಹಿಂಬದಿಗೆ ಗಟ್ಟಿಯಾದ ಆಂಟಿ ರೋಲ್ ಬಾರ್ (ಎಡ, ಬಲ ಚಕ್ರಗಳನ್ನು ಜೋಡಿಸಿ ಕಾರು ವಾಲುವುದನ್ನು ತಡೆಯುವ ಸರಳು) ಹಾಕಿಸಿದರೆ, ತಿರುವಿನಲ್ಲಿ ಒಳಟೈರಿನಿಂದ ಹೊರಟೈರಿಗೆ ಆಗುವ ಭಾರದ ವರ್ಗಾವಣೆಯ ಹೆಚ್ಚಿನ ಪಾಲು ಹಿಂದಕ್ಕೆ ಹೋಗಿ, ಮುಂದಿನ ಹೊರಟೈರಿನ ಹೊರೆ ಇಳಿದು, ಮೂತಿ ಸಲೀಸಾಗಿ ಒಳಬರುತ್ತದೆ.

ಉತ್ತರ 1ರ ಬರಹಗಾರರಿಂದ ಮತ್ತೆ

ಕ್ಯಾಂಬರ್ ವಿಚಾರವನ್ನು ಪೂರ್ತಿ ಒಪ್ಪುತ್ತೇನೆ. ಹಿಂದಿನ ಬಾರ್ ಕುರಿತು ಮಾತ್ರ ಎಚ್ಚರಿಕೆಯ ಮಾತಿದೆ: ಅದು ಹಿಂದಿನ ಟೈರುಗಳ ಹಿಡಿತವನ್ನು ಕುಗ್ಗಿಸಿ ಸಮತೋಲ ತರುತ್ತದೆ. ರೇಸ್ ಟ್ರ್ಯಾಕಿನ ಮೇಲೆ ಅದು ಲಾಭವೇ. ಒದ್ದೆಯಾದ ಚೋರ್ಲಾ ಘಾಟಿಯಲ್ಲಿ ಇಳಿಯುತ್ತ ಆಕ್ಸಿಲರೇಟರಿನಿಂದ ಒಮ್ಮೆಲೇ ಕಾಲು ತೆಗೆದರೆ ಹಿಂಬದಿ ಸರ್ರನೆ ತಿರುಗಿಬಿಡಬಹುದು. ಮೂತಿ ಜಾರಿದರೆ ವೇಗ ತಗ್ಗಿಸಿ ಸುಧಾರಿಸಿಕೊಳ್ಳಬಹುದು. ಬಾಲ ಜಾರಿದರೆ ಅನುಭವಿಗಳಿಗೂ ಕಷ್ಟ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ಮುಂದಿನ ಟೈರುಗಳು ಬಹಳ ಸವೆದಿವೆ, ಹಿಂದಿನವು ಸುಮಾರಾಗಿವೆ. ಎರಡನ್ನೇ ಹೊಸದಾಗಿ ಕೊಂಡರೆ ಮುಂದಕ್ಕೆ ಹಾಕಿಸಲೇ?

ಉತ್ತರ 2ರ ಬರಹಗಾರರಿಂದ

ಬೇಡ. ಎರಡೇ ಕೊಂಡರೆ ಹೊಸವು ಹಿಂದಕ್ಕೆ, ಈಗ ಹಿಂದಿರುವ ಸುಮಾರಾದವು ಮುಂದಕ್ಕೆ ಬರಲಿ. ಕಾರಣ ಮೇಲಿನವರು ಹೇಳಿದ್ದೇ: ನೀರಿನಲ್ಲಿ ಹಿಂದಿನ ಹಿಡಿತ ಮೊದಲು ಹೋಗಬಾರದು. ಆದರೆ ನಿಮ್ಮ ಮೂಲ ತೊಂದರೆ ಮುಂದಿನ ಹಿಡಿತದ್ದು, ಹೀಗಾಗಿ ಸಾಧ್ಯವಾದರೆ ಮಳೆಗಾಲಕ್ಕೆ ಮುನ್ನ ನಾಲ್ಕನ್ನೂ ಬದಲಾಯಿಸಿ, ಅದೇ ದಿನ ಅಲೈನ್‌ಮೆಂಟ್ ಮಾಡಿಸಿ. ಆಮೇಲೂ ಮೂತಿ ಸರಿಯುವುದಾದರೆ ಕ್ಯಾಂಬರ್ ಕಡೆ ನೋಡೋಣ.